ಹೆಬ್ಬೆರಳಿನ ಗುರುತು

ನನ್ನ ಹಳೇ ನಾಣ್ಯದ ಅಂಗಡಿಗೆ ಬಂದ ಮುದಿ ದರ್ಜಿಯನ್ನು ಕಂಡಕೂಡಲೇ ಅಳೆದುಬಿಟ್ಟೆ: ತಿರುಗಿಸಿ ಹೊಲಿದ ಕಾಲರು, ಚೌಕಾಸಿ ಬಾರದ ಬಾಯಿ. ಮೂವತ್ತು ವರ್ಷ ಟಂಕಸಾಲೆಯ ಸೀಲು ಒಡೆಯದೆ ಕಾಪಾಡಿದ್ದ ಪ್ಲಾಸ್ಟಿಕ್ ಡಬ್ಬಿಯ ನಾಣ್ಯದ ಸೆಟ್ಟನ್ನು ಮುಂದಿಟ್ಟು, "ಮಗಳಿಗೊಂದು ಹೊಲಿಗೆ ಮಿಷನ್ ಬಂದ್ರೆ ಸಾಕು, ಸಾಹುಕಾರ್ರೇ" ಎಂದರು.

ಬೆಳಕಿಗೆಂದು ಅವರಿಗೆ ಬೆನ್ನು ಮಾಡಿ ಸೀಲು ಕತ್ತರಿಸಿದೆ. ಕೈಗವಸು ಹಾಕಲು ಸೋಮಾರಿತನ. ಕನ್ನಡಿಯಂಥ ಬೆಳ್ಳಿ ನಾಣ್ಯದ ಮೇಲೆ ನನ್ನ ಹೆಬ್ಬೆರಳು ಅಚ್ಚೊತ್ತಿತು.

"ಪ್ಯಾಕ್ ಮಾಡಿದೋನೇ ಮುಟ್ಟಿದಾನೆ ನೋಡಿ, ಯಜಮಾನ್ರೇ. ಈ ಗುರುತು ಹೋಗಲ್ಲ. ಅರ್ಧ ಬೆಲೆ," ಎಂದೆ.

"ಪಾಪ, ಯಾವ ಅವಸರದಲ್ಲಿದ್ನೋ! ನಾನೂ ಎಷ್ಟೋ ಬಟ್ಟೆಗೆ ಎಣ್ಣೆ ಕೈ ತಾಗಿಸಿದೀನಿ. ಆದ್ರೆ ಗಿರಾಕಿಗೆ ಹೇಳಿಬಿಡ್ತಿದ್ದೆ," ಎಂದು ನಕ್ಕರು.

ನಾನು ನೋಟು ಎಣಿಸಿದೆ. ಕೊಟ್ಟಷ್ಟು ತೆಗೆದುಕೊಂಡು ಹೋದರು. ಅರ್ಧ ಮಿಷನ್ನನ್ನು ಯಾರೂ ಮಾರುವುದಿಲ್ಲವೆಂದು ನನಗೆ ಗೊತ್ತಿತ್ತು.

ಉಳಿದರ್ಧ ಬೆಲೆ, ಆ ಹೆಬ್ಬೆರಳು ನನ್ನದೆಂಬ ಮಾತು, ಎರಡನ್ನೂ ನಾನು ಅವರಿಗೆ ಕೊಡಬೇಕಾಗಿದೆ.