ಕೋಳಿಮರಿ ಮುಚ್ಚಿದ ಕಹಳೆ

ಹುಟ್ಟಿನಿಂದಲೇ ನನ್ನ ಗಂಟಲು ದೊಡ್ಡದು. ನಮ್ಮ ಹೊಲದಲ್ಲಿ ನಿಂತು ಕೂಗಿದರೆ ಪಕ್ಕದೂರಿನ ಎತ್ತು ತಿರುಗಿ ನೋಡುತ್ತಿತ್ತು. ಇದೇ ಕಾರಣಕ್ಕೆ ಕುಷ್ಟಗಿಯವರೂ ಯಲಬುರ್ಗೆಯವರೂ ನನ್ನನ್ನು ನೋಡಲು ಬಂದು, ಅವಲಕ್ಕಿ ತಿಂದು, ಒಲ್ಲೆವೆಂದು ಹೋಗಿದ್ದರು. ನಿಜಾಮರ ಕಾಲದ ಮಾತು. ಓರಗೆಯ ಹುಡುಗಿಯರ ಕಂಕುಳಲ್ಲಿ ಆಗಲೇ ಕೂಸುಗಳಿದ್ದವು. ಸುಳ್ಳೇಕೆ, ನನಗೂ ಮದುವೆಯಾಗುವ ಆಸೆ ಬಹಳವಿತ್ತು.

ಮೂರನೆಯವರು ಕೊಪ್ಪಳದಿಂದ ಇರಕಲ್ಲಗಡದ ನಮ್ಮ ಮನೆಗೆ ಬಂದ ದಿನ ಅಜ್ಜಿ ಕಟ್ಟಪ್ಪಣೆ ಮಾಡಿದಳು: "ಬಾಯಿ ಬಿಟ್ಟಿ ಅಂದ್ರ ನೋಡು. ಏನ್ ಕೇಳಿದ್ರೂ ತಲಿ ಆಡಸು, ಸಾಕು." ಕಿನ್ನಾಳದ ಗೊಂಬೆಯ ಹಾಗೆ ಸಿಂಗರಿಸಿ ನನ್ನನ್ನು ಕಂಬಳಿಯ ಮೇಲೆ ಕೂರಿಸಿದರು.

ಗಂಡು ಗಡಿಯಾರ ರಿಪೇರಿಯವನು. ನೋಡಲು ಚೆನ್ನಾಗಿದ್ದ. ಆದರೆ ಪುಣ್ಯಾತ್ಮ ನನ್ನತ್ತ ಕಣ್ಣೆತ್ತಲಿಲ್ಲ. ಅಂಗಳದಲ್ಲಿ ಕೋಳಿಮರಿಗಳ ಮೇಲೆ ನಾವು ಬೋರಲು ಹಾಕಿದ್ದ ಹಿತ್ತಾಳೆ ಕಹಳೆಯನ್ನೇ ನೋಡುತ್ತಿದ್ದ. ಅದು ಹಾಡುವ ಪೆಟ್ಟಿಗೆಯ, ಅಂದರೆ ಗ್ರಾಮಫೋನಿನ, ಕಹಳೆ. ದೇಸಾಯರ ವಾಡೆಯಲ್ಲಿ ಆ ಪೆಟ್ಟಿಗೆ ಕೆಟ್ಟಾಗ ಅಜ್ಜನಿಗೆ ಕೊಟ್ಟಿದ್ದರು. ನಮ್ಮಲ್ಲಿ ಅದು ಬಿಡಿಬಿಡಿಯಾಗಿ ಮನೆಗೆಲಸಕ್ಕೆ ಬಿದ್ದಿತ್ತು.

ಅವನ ತಾಯಿ ನನಗೆ ಅಡುಗೆ, ಕಸೂತಿ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ಅವನೆದ್ದು ಹೋಗಿ ಕಹಳೆ ಎತ್ತಿಬಿಟ್ಟ. ಮರಿಗಳು ಚೆಲ್ಲಾಪಿಲ್ಲಿಯಾದವು, ಒಂದು ಅವಲಕ್ಕಿ ತಟ್ಟೆಗೇ ಬಂತು. ತಾಯಿಕೋಳಿ ಅವನ ಧೋತರ ಹಿಡಿದು ಜಗ್ಗಿತು. ಅವನು ಮಾತ್ರ ಕಹಳೆಯೊಳಗೆ ಮುಖ ತೂರಿಸಿ ನಿಂತಿದ್ದ.

"ಯವ್ವಾ, ಇದು ಹಾಡಿನ ಪ್ಲೇಟು ಹಾಕೋ ಪೆಟ್ಟಿಗೀದಲ್ಲ. ಅದಕ್ಕೂ ಮೊದಲ ಹಾಡು ತುಂಬಿದ ಮೇಣದ ಕೊಳವಿ ಹಾಕ್ತಿದ್ರಲ್ಲ, ಆ ಹಳೇ ಮಾಲು. ಭಾಳ ಅಪರೂಪ."

ಅವನ ತಾಯಿ ಹಣೆ ಹಣೆ ಬಡಿದುಕೊಂಡಳು. "ಮನ್ಯಾಗ ಇಂಥಾ ಪೆಟ್ಟಿಗಿ ಮೂರು ಅದಾವ್ರಿ. ಒಂದೂ ಹಾಡೂದಿಲ್ಲ. ಗಂಗಾವತ್ಯಾಗೂ ಕನ್ಯಾ ನೋಡಾಕ ಹೋಗಿ ಹಿಂಗ ಒಂದು ಹೊತ್ಕೊಂಡು ಬಂದ. ಕನ್ಯಾ ಹೆಂಗಿತ್ತೋ ಅಂದ್ರ, ಕನ್ಯಾ ಎಲ್ಲಿತ್ತು ಅಂದ."

ಉಳಿದ ಸಾಮಾನು ಎಲ್ಲಿವೆ ಎಂದು ಅವನು ಅಜ್ಜಿಯನ್ನು ಕೇಳಿದ. "ಯಾರಿಗ್ಗೊತ್ತಪ್ಪಾ. ಅದನ್ನಷ್ಟ ಒಯ್ಯಿ" ಎಂದಳು ಅಜ್ಜಿ. ಅವನು ಕಹಳೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಡಲು ನಿಂತ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಬೇಡವೆನ್ನಲಿ, ನೋಡಿಯಾದರೂ ಬೇಡವೆನ್ನಲಿ.

"ನಿಂದರ್ರಿ" ಎಂದೆ. ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು. "ಪೆಟ್ಟಿಗ್ಯಾಗ ಇನ್ನೊಂದು ಕೋಳಿ ಕಾವಿಗೆ ಕುಂತೈತಿ. ತಿರುವೂ ಹಿಡಿಕಿ ಹಿತ್ತಲ ಬಾಗಲಾ ಅಗಳಿ ಆಗೇತಿ. ಕೊಳವಿ ಸಿಗಸೋ ಉರುಳಿ ನನ್ನ ಕಡೆ ಐತಿ, ಅದರಾಗ ಹೋಳಿಗಿ ಲಟ್ಟಸ್ತೀನಿ. ಬೇಕಂದ್ರ ಲಟ್ಟಸೋ ಆಕೀನ್ನೂ ಕೂಡೇ ಒಯ್ಯಬೇಕು."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇದೂ ಹೋಯಿತು ಎಂದು ನನಗೆ ಅಳು ಬಂತು. ಅವನು ಮೊದಲ ಸಲ ನನ್ನತ್ತ ತಿರುಗಿ ನೋಡಿದ. ನೋಡುತ್ತಲೇ ಕಹಳೆಯನ್ನು ಕೆಳಗಿಟ್ಟ.

"ಯವ್ವಾ, ಇಕೀಗೆ ಕಹಳೀನ ಬ್ಯಾಡ" ಎಂದ. "ಇಕೀನ್ನ ಮಾಡ್ಕೊಂತೀನಿ."

ಕೊಪ್ಪಳದ ಮನೆಯಲ್ಲಿ ಪೆಟ್ಟಿಗೆಗಳು ನಾಲ್ಕಾದವು. ಇಂದಿಗೂ ಯಾವುದೂ ಹಾಡಿಲ್ಲ. ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ಊಟಕ್ಕೆ ಕೂಗಿದರೆ ಬಜಾರಿನ ಅವರ ಗಡಿಯಾರದ ಅಂಗಡಿಯವರೆಗೂ ಕೇಳುತ್ತಿತ್ತು. ಗಿರಾಕಿಗಳು ಬೆಚ್ಚಿಬಿದ್ದರೆ ನಮ್ಮ ಯಜಮಾನರು, "ನಮ್ಮ ಮನೀ ಪೆಟ್ಟಿಗೀರಿ. ಅದೊಂದ ನಡೀತೈತಿ" ಎನ್ನುತ್ತಿದ್ದರಂತೆ.