ತಟ್ಟೆಗೆ ಬೀಳದ ಒಗ್ಗರಣೆ

ನನ್ನ ಹೊಟ್ಟೆಯ ಬಗ್ಗೆ ಮೊದಲ ಸಲ ಬರವಣಿಗೆಯಲ್ಲಿ ಅಭಿಪ್ರಾಯ ಕೊಟ್ಟವರು ಒಬ್ಬ ಕಾರ್ಖಾನೆಯ ಡಾಕ್ಟರು. ಅದು ತೊಂಬತ್ತರ ದಶಕದ ನಡುಭಾಗ. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಕಾರ್ಖಾನೆಯೊಂದರಲ್ಲಿ ಬೆಂಕಿ ಆರಿಸುವ ವಿಭಾಗಕ್ಕೆ ನಾನು ಆಯ್ಕೆಯಾಗಿದ್ದೆ. ಬರೆಯುವ ಪರೀಕ್ಷೆ ಮುಗಿದಿತ್ತು, ಏದುಸಿರು ಬಿಡುತ್ತಾ ಓಟವನ್ನೂ ಮುಗಿಸಿದ್ದೆ. ಕೊನೆಯ ತಪಾಸಣೆಯಲ್ಲಿ ಡಾಕ್ಟರು ಚೀಟಿಯ ಮೇಲೆ ‘ಸದ್ಯಕ್ಕೆ ಅನ್‌ಫಿಟ್’ ಎಂದು ಬರೆದರು. ಮೂರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಸಿಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿದ್ದವನಿಗೆ.

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತಾತನ ಕಾಲದ ರಾಗಿ ಹೊಲ ಎಂದೋ ಸೈಟುಗಳಾಗಿ ಹೋಗಿತ್ತು. ಉಳಿದದ್ದು ಮನೆ, ಹಿತ್ತಲಲ್ಲಿ ನಾಲ್ಕು ಬಾಡಿಗೆ ರೂಮು, ಅಮ್ಮ ಮತ್ತು ನಾನು. ಈ ಕೆಲಸ ತಪ್ಪಿದರೆ ಇನ್ನೊಂದು ಸಿಗುತ್ತದೆ ಎಂಬ ಭ್ರಮೆ ನಮ್ಮಿಬ್ಬರಿಗೂ ಇರಲಿಲ್ಲ.

ಮರ್ಫಿ ಟೌನಿನಲ್ಲಿ ಶೀಟಿನ ಮಾಡಿನ ಒಂದು ಜಿಮ್ ಇತ್ತು. ಅಲ್ಲಿನ ಮಾಸ್ಟರು ಅರ್ಧ ತಮಿಳು, ಅರ್ಧ ಕನ್ನಡ. ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿ ಹೇಳಿದರು: “ಎಣ್ಣೆ ಬೇಡ, ತೆಂಗಿನಕಾಯಿ ಬೇಡ, ಒಗ್ಗರಣೆ ಬೇಡ್ವೇ ಬೇಡ. ಬೀನ್ಸು, ಕ್ಯಾರೆಟ್ಟು, ಕೋಸು. ಬೇಯ್ಸು, ತಿನ್ನು. ಹಾಲು ಕುಡಿ. ಅಷ್ಟೇ ಗುರು.”

ಅಮ್ಮನಿಗೆ ಅದು ಅಷ್ಟೇ ಆಗಿರಲಿಲ್ಲ. “ಒಗ್ಗರಣೆ ಇಲ್ದೆ ತಿನ್ನೋಕೆ ಮನೇಲಿ ಈಗ ಯಾರು ಹೋಗಿದಾರೋ?” ಎಂದಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ಹನ್ನೊಂದು ದಿನ ಒಗ್ಗರಣೆ ಹಾಕುವುದಿಲ್ಲ. ಬೇಯಿಸಿ, ಉಪ್ಪು ಹಾಕಿ, ಬಡಿಸುವುದು. ಎಣ್ಣೆಯಲ್ಲಿ ಮತ್ತೆ ಸಾಸಿವೆ ಸಿಡಿದ ದಿನ ಸೂತಕ ಕಳೆಯಿತು ಎಂದು ಅರ್ಥ. ನಾನು ಕೆಲಸದ ಹೆದರಿಕೆ ಹಾಕಿದೆ. ಅಮ್ಮ ಮುಖ ಊದಿಸಿಕೊಂಡೇ ಒಪ್ಪಿದಳು.

ಒಂದು ತಿಂಗಳು ತಿಂದೆ. ಬೆಂದ ಕೋಸಿನ ವಾಸನೆ ಬಂದರೆ ಈಗಲೂ ನನಗೆ ಹಿಂದಿನ ಬಾಗಿಲಿಂದ ಓಡಿಹೋಗಬೇಕು ಅನಿಸುತ್ತದೆ. ತಿಂಗಳ ಕೊನೆಗೆ ಹಲಸೂರು ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತೆ. ಅಂಗಡಿಯವನು ಮುಳ್ಳು ನೋಡಿ, “ಒಂದ್ ಕೆಜಿ ಇಳಿದಿದೆ ಸ್ವಾಮಿ, ಅದೂ ಚಪ್ಪಲಿ ಬಿಟ್ಟಿದ್ದಕ್ಕೆ” ಎಂದ.

ಮಾರನೇ ದಿನ ಬೆಳಿಗ್ಗೆ ಊಟಕ್ಕೆ ಕೂರುವ ಹೊತ್ತಿಗೆ ಅಡುಗೆಮನೆಯಿಂದ ಸಾಸಿವೆ ಸಿಡಿದ ಸದ್ದು ಕೇಳಿತು, ಹಿಂದೆಯೇ ಕರಿಬೇವಿನ ಘಮ. ನನ್ನ ಪಿತ್ತ ನೆತ್ತಿಗೇರಿತು. “ಕದ್ದು ಎಣ್ಣೆ ಹಾಕ್ತಿದೀಯ ಅಲ್ವಾ? ನನ್ ಕೆಲ್ಸ ಹೋಗ್ಲಿ ಅಂತಾನಾ?” ಎಂದು ತಟ್ಟೆ ತಳ್ಳಿದೆ. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹಿತ್ತಲ ನಲ್ಲಿಯ ಹತ್ತಿರ ಮೂಲೆ ರೂಮಿನ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ರಾಯಚೂರು ಕಡೆಯವರು, ಗಂಡ ಗಾರೆ ಕೆಲಸದವನು. ನಾನು ಹೊರಗೆ ಬಂದಾಗ ಒಗೆಯುವುದು ನಿಲ್ಲಿಸಿ ಹೇಳಿದಳು: “ಅಣ್ಣಾರ, ಸುಮ್ ಸುಮ್ನ ಬೈತೀರಿ. ಅಮ್ಮಾರು ದಿನಾ ಖಾಲಿ ಸೌಟಿನ್ಯಾಗ ಒಗ್ಗರಣಿ ಹಾಕ್ತಾರ್ರೀ. ನಿಮ್ ತಾಟಿಗೆ ಒಂದ್ ಹನಿ ಬಿದ್ದಿಲ್ಲ. ಮನ್ಯಾಗ ಸಾಸಿವಿ ಸಿಡೀಲಿಲ್ಲಂದ್ರ ಅವ್ರಿಗೆ ಜೀವ ತಡಿಯಂಗಿಲ್ಲಂತ.”

ಆ ಒಗ್ಗರಣೆಯನ್ನು ಅಮ್ಮ ತನ್ನ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದಳಂತೆ. ಒಂದೇ ಮನೆಯಲ್ಲಿದ್ದರೂ ಆ ಹೊತ್ತಿಗೆ ಸಾಮಾನ್ಯವಾಗಿ ಜಿಮ್ಮಿನಲ್ಲಿರುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ, ಹಿತ್ತಲಿನವಳಿಗೆ ಗೊತ್ತಿತ್ತು. ನಿಜವಾದ ಕಳ್ಳ ಯಾರು ಎಂಬುದೂ ಆ ವಾರದಲ್ಲೇ ಹೊರಬಿತ್ತು. ಮಾಸ್ಟರು ಹಾಲು ಕುಡಿ ಎಂದಿದ್ದರಲ್ಲ, ನಾನು ಜಿಮ್ ಮುಗಿಸಿ ದಿನಾ ಹಲಸೂರಿನಲ್ಲಿ ಎರಡು ದೊಡ್ಡ ಲೋಟ ಬಾದಾಮಿ ಹಾಲು ಇಳಿಸುತ್ತಿದ್ದೆ, ಮೇಲೆ ಒಂದು ಚಮಚ ಕೆನೆ. ಮಾಸ್ಟರು ಕೇಳಿ ಹಣೆ ಚಚ್ಚಿಕೊಂಡರು. ಹಾಲು ಬಿಟ್ಟೆ. ಅಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆಯಾಗಿತ್ತು.

ಮೂಲೆ ರೂಮಿನಾಕೆ ಸುಮ್ಮನಿರುವವಳಲ್ಲ. ಒಂದು ಮಧ್ಯಾಹ್ನ ಬಟ್ಟಲು ತಂದು ಅಮ್ಮನ ಮುಂದಿಟ್ಟಳು. ಎಳೆ ಮೆಂತ್ಯದ ಸೊಪ್ಪು, ಮೂಲಂಗಿ, ಸೌತೆಕಾಯಿ, ಈರುಳ್ಳಿ, ಎಲ್ಲವೂ ಹಸಿ, ಸಣ್ಣಗೆ ಹೆಚ್ಚಿದ್ದು. ಮೇಲೆ ಹುರಿದು ಕುಟ್ಟಿದ ಹುಚ್ಚೆಳ್ಳಿನ ಖಾರದಪುಡಿ, ನಿಂಬೆಹುಳಿ. ಅವರ ಕಡೆ ಇದು ಪಚಡಿ, ರೊಟ್ಟಿಯ ಜೊತೆ ದಿನನಿತ್ಯದ್ದು. ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಇದು ಹಸೀದು. ಹಸೀದಕ್ಕೆ ಒಗ್ಗರಣೆ ಕೇಳೋರ್ಯಾರು?” ಎಂದಳು. ಕಾನೂನಿನಲ್ಲಿ ಒಂದು ದಾರಿ ಸಿಕ್ಕಿತ್ತು.

ಅಲ್ಲಿಂದ ನನ್ನ ಪಥ್ಯ ಆ ಇಬ್ಬರು ಹೆಂಗಸರ ಕೈಗೆ ಹೋಯಿತು. ಹೆಸರುಬೇಳೆ ನೆನೆಸಿ ಕ್ಯಾರೆಟ್ ತುರಿಯ ಕೋಸಂಬರಿ, ಕಾಗದದಷ್ಟು ತೆಳ್ಳಗೆ ಹೆಚ್ಚಿದ ನವಿಲುಕೋಸಿಗೆ ಹಸಿಮೆಣಸಿನಕಾಯಿ, ಜೀರಿಗೆ ಕುಟ್ಟಿ ಸವರಿದ್ದು, ಮೊಳಕೆ ಹುರುಳಿಗೆ ಮಾವಿನಕಾಯಿ ಚೂರು. ಉಪ್ಪನ್ನು ಬಾಯಿಗಿಡುವ ಮುಂಚಿನ ಗಳಿಗೆಯಲ್ಲಿ ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಡುತ್ತದೆ ಎಂದು ಅಮ್ಮ ನಾನು ಕೂತ ಮೇಲೇ ಉಪ್ಪಿನ ಡಬ್ಬಿ ತರುತ್ತಿದ್ದಳು. ನಾನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳತೊಡಗಿದೆ. ಮೂರು ತಿಂಗಳು ಮುಗಿದಾಗ ಒಂಬತ್ತೂವರೆ ಕೆಜಿ ಇಳಿದಿದ್ದೆ. ಡಾಕ್ಟರು ‘ಫಿಟ್’ ಎಂದು ಬರೆದ ಚೀಟಿಯನ್ನು ಅಮ್ಮ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಳು.

ಅಭ್ಯಾಸ ಹಾಗೇ ಉಳಿಯಿತು. ಮದುವೆಯಾದ ಮೇಲೆ ಹೆಂಡತಿಯೂ ಕಲಿತಳು. ಮುಂದೆ ಇಂದಿರಾನಗರದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಲಾಡ್ ಮಾರತೊಡಗಿದಾಗ ನಾನು ಡಬ್ಬಿ ಎತ್ತಿ ತಳ ನೋಡುತ್ತಿದ್ದೆ. ನೀರು ನಿಂತಿರುತ್ತಿತ್ತು. ಇವರ ಮನೆಯಲ್ಲಿ ಹೇಳಿಕೊಡುವವರಿಲ್ಲ ಅಂದುಕೊಂಡು ವಾಪಸ್ ಇಡುತ್ತಿದ್ದೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಅಮ್ಮ ಹೋದಳು. ಚಿಕ್ಕಮ್ಮ ಬಂದು ಅಡುಗೆ ನೋಡಿಕೊಂಡರು. ಮೊದಲ ದಿನದ ಊಟಕ್ಕೆ ಬೇಯಿಸಿದ ಬೀನ್ಸು, ಉಪ್ಪು, ಬೇರೇನಿಲ್ಲ. ಎಣ್ಣೆಯಿಲ್ಲದ್ದು ತಿಂದೇ ಇಷ್ಟು ವರ್ಷ ಕಳೆದವನು, ನನಗೇನು ಕಷ್ಟ ಅಂದುಕೊಂಡು ತುತ್ತು ಬಾಯಿಗಿಟ್ಟೆ. ಎರಡನೇ ತುತ್ತಿಗೆ ಮೊದಲೇ ತಟ್ಟೆ ಸರಿಸಿದೆ.

ಅಪ್ಪ ಹೋದಾಗ ಅಮ್ಮ ಇದನ್ನೇ ಹನ್ನೊಂದು ದಿನ ನುಂಗಿದ್ದಳು. ವರ್ಷ ತುಂಬುವ ಮೊದಲೇ ನಾನು ಅದನ್ನೇ ದಿನಾ ಬೇಯಿಸು ಎಂದೆ. ಬೇಯಿಸಿದವಳಿಗೇ ಕದ್ದು ಎಣ್ಣೆ ಹಾಕ್ತೀಯ ಎಂದೆ. ತಪ್ಪಾಯಿತು ಅನ್ನುವುದಕ್ಕೆ ಆಮೇಲೆ ವರ್ಷಗಟ್ಟಲೆ ಸಮಯವಿತ್ತು, ಅನ್ನಲಿಲ್ಲ. ಈಗ ಅದಕ್ಕೆ ಏನು ಮಾಡುವುದೋ ನನಗೆ ತಿಳಿಯದು.

ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮನ ಒಗ್ಗರಣೆ ಸೌಟನ್ನು ನಾನೇ ಒಲೆಯ ಮೇಲಿಟ್ಟೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಕರಿಬೇವು ಹಾಕಿದೆ. ಹೆಂಡತಿ ಪಲ್ಯದ ಪಾತ್ರೆ ಹಿಡಿದು ಬಂದು, “ಇದಕ್ಕೆ ಸುರೀರಿ” ಎಂದಳು. ಅದಕ್ಕಲ್ಲ ಎಂದೆ.