ಮೆಲ್ಲಗೆ ಮಾತಾಡಲು ಬಾರದ ನೆಲ್ಡಾ

ನೆಲ್ಡಾ ಪ್ರೂಯಿಟ್ ಮನೆಯಲ್ಲಿ ಮೆಲ್ಲಗೆ ಮಾತಾಡುವ ಪದ್ಧತಿಯೇ ಇರಲಿಲ್ಲ. ಗಂಡ ವೆಂಡಲ್ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಸುತ್ತಿದ್ದವನು. ನಿವೃತ್ತನಾಗುವ ಹೊತ್ತಿಗೆ ಎರಡು ಕಿವಿಗಳನ್ನೂ ಗಣಿಗೇ ಒಪ್ಪಿಸಿ ಬಂದಿದ್ದ. ನೆಲ್ಡಾ ವಿನಮಕ್ಕಾ ಪಟ್ಟಣದ ಉತ್ತರದ ಹಳ್ಳಿಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಹಿಂದಿನ ಸೀಟಿನಲ್ಲಿ ಯಾವನಾದರೂ ಎದ್ದು ನಿಂತರೆ ಕನ್ನಡಿಯಲ್ಲಿ ಅವನನ್ನು ಒಮ್ಮೆ ನೋಡಿ "ಕೂತ್ಕೋ!" ಎನ್ನುವಳು. ಆಗ ಬಸ್ಸಿನಲ್ಲಿದ್ದವರೆಲ್ಲ, ಮೊದಲೇ ಕೂತಿದ್ದವರು ಕೂಡ, ಇನ್ನೊಮ್ಮೆ ಕೂರುತ್ತಿದ್ದರು. ಮನೆಗೆ ಬಂದರೆ ವೆಂಡಲ್‌ನನ್ನು ಊಟಕ್ಕೆ ಕರೆಯಲೂ ಅದೇ ಗಂಟಲು ಬೇಕು. ಮಗಳು ಕೊಡಿಸಿದ್ದ ಕಿವಿಯಂತ್ರ ಕಾಲುಚೀಲದ ಡ್ರಾಯರಿನಲ್ಲಿ ಮಲಗಿತ್ತು. "ಅದು ಕುಯ್ಯೋ ಅನ್ನತ್ತೆ. ತಟ್ಟೆಗೆ ಚಮಚ ತಾಕಿದ್ರೆ ತಲೆ ಒಳಗೆ ಗಂಟೆ ಹೊಡೆದ ಹಾಗಾಗತ್ತೆ. ನಂಗೆ ಬೇಡ," ಎಂದು ವೆಂಡಲ್ ಕೈ ತೊಳೆದುಕೊಂಡಿದ್ದ.

ಬಸ್ಸಿನ ಕೀಲಿಯನ್ನು ಒಪ್ಪಿಸಿ ಬಂದ ಮೇಲೆ ನೆಲ್ಡಾಗೆ ಕೂಗಲು ಉಳಿದವನು ವೆಂಡಲ್ ಒಬ್ಬನೇ. ಅವನಿಗೂ ಅದು ಅತಿಯಾಯಿತು. "ಒಂದು ನಾಯಿ ಸಾಕ್ಕೊಳ್ಳೇ," ಎಂದ. ಅವಳು ತಂದದ್ದು ಕಾಡುಕುದುರೆ.

ಆಸೆ ಹೊಸದಲ್ಲ. ಚಳಿಗಾಲದ ಬೆಳಗಿನಲ್ಲಿ ಬಸ್ಸು ಕಾಲುವೆಯ ತಿರುವು ದಾಟುವಾಗ ಗುಡ್ಡದ ನೆತ್ತಿಯಲ್ಲಿ ಮಸ್ಟಾಂಗ್ ಎಂಬ ಕಾಡುಕುದುರೆಗಳ ಹಿಂಡು ಮೂಗಿನಿಂದ ಹಬೆ ಬಿಡುತ್ತ ನಿಂತಿರುತ್ತಿತ್ತು. ಬಸ್ಸಿನ ಗಲಾಟೆ ತಾನಾಗಿ ನಿಲ್ಲುತ್ತಿದ್ದದ್ದು ಆ ಒಂದು ಗಳಿಗೆ ಮಾತ್ರ. ಮೇವು ಸಾಲದೆ ಹೋದಾಗ ಸರ್ಕಾರದವರು ಹೆಲಿಕಾಪ್ಟರ್ ಹಾರಿಸಿ ಹಿಂಡುಗಳನ್ನು ಬೆನ್ನಟ್ಟಿ ದೊಡ್ಡಿಗೆ ತುಂಬುತ್ತಾರೆ, ಸಾಕುತ್ತೇವೆ ಎಂದವರಿಗೆ ಕೊಡುತ್ತಾರೆ. ನೆಲ್ಡಾ ಎತ್ತರದ ಕಬ್ಬಿಣದ ಬೇಲಿ ಹಾಕಿಸಿದಳು, ಅಣ್ಣನ ಟ್ರೇಲರ್ ಕೇಳಿ ತಂದಳು, ಹೋಗಿ ಒಂದು ಕಂದು ಹೆಣ್ಣು ಕುದುರೆಯನ್ನು ಆರಿಸಿಕೊಂಡು ಬಂದಳು. ಅದರ ಕುತ್ತಿಗೆಯಲ್ಲಿ ಸರ್ಕಾರದ ಬಿಲ್ಲೆ ಕಟ್ಟಿದ ಹಗ್ಗವಿತ್ತು. ಆ ಹಗ್ಗ ಬಿಚ್ಚುವಷ್ಟು ಕುದುರೆಯನ್ನು ಒಲಿಸಿಕೊಂಡವರು ಅರ್ಧ ದಾರಿ ಬಂದಂತೆ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ.

ನೆಲ್ಡಾ ಮೊದಲ ಗಳಿಗೆಯಲ್ಲೇ ದಾರಿ ತಪ್ಪಿದಳು. ಟ್ರೇಲರಿನ ಬಾಗಿಲು ತೆಗೆದದ್ದೇ ತಡ, ಕುದುರೆ ಬಾಣದಂತೆ ಆಚೆ ತುದಿಯ ಬೇಲಿಯತ್ತ ಹಾರಿತು. "ಏಯ್! ನಿಧಾನ!" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಕುದುರೆ ಬೇಲಿಯನ್ನೇ ಹತ್ತಲು ಹೋಗಿ, ಜಾರಿ ಬಿದ್ದು, ಮೂಗು ತರಚಿಕೊಂಡು ಎದ್ದು ನಿಂತು, ಬಿಳಿಗಣ್ಣು ಬಿಟ್ಟು ನಡುಗಿತು. ಹೆಲಿಕಾಪ್ಟರಿನ ಸದ್ದಿಗೆ ಮೈಲಿಗಟ್ಟಲೆ ಓಡಿ ಬಂದ ಜೀವ ಅದು. ಅದರ ಪಾಲಿಗೆ ನೆಲ್ಡಾ ಇನ್ನೊಂದು ಹೆಲಿಕಾಪ್ಟರು, ಅಷ್ಟೆ.

ಬಸ್ಸಿನಲ್ಲಿ ಎಂದೂ ಕೂರದೆ ತನ್ನ ಪ್ರಾಣ ಹಿಂಡಿದ್ದ ಹುಡುಗಿಯೊಬ್ಬಳ ಹೆಸರನ್ನೇ ಅದಕ್ಕಿಟ್ಟಳು: ಡಾರ್ಲಾ.

ಮೃದುವಾಗಿ ಪಳಗಿಸಬೇಕು, ಕಣ್ಣಿಟ್ಟು ನೋಡಬಾರದು, ಎದುರಾಗಿ ನಡೆಯಬಾರದು, ಅದೇ ಬಂದು ಮೂಸುವ ತನಕ ಕಾಯಬೇಕು. ಇದೆಲ್ಲ ನೆಲ್ಡಾಗೆ ಗೊತ್ತಿತ್ತು. ಬೆಳಗಾದರೆ ದೊಡ್ಡಿಯೊಳಗೆ ಬಕೆಟ್ಟು ಬೋರಲು ಹಾಕಿ, ಕುದುರೆಮಸಾಲೆ ಹುಲ್ಲು ಕೈಯಲ್ಲಿ ಹಿಡಿದು ಕೂರುವಳು. ಕೂತವಳು ಪಿಸುಗುಟ್ಟಲು ನೋಡುವಳು. ಆದರೆ ಅವಳ ಪಿಸುಮಾತು ಬಸ್ಸಿನ ನಡುವಿನ ಸೀಟಿನವರೆಗಾದರೂ ಮುಟ್ಟುವಂಥದ್ದು.

"ಬಾರೇ ಚಿನ್ನಾ..."

ಡಾರ್ಲಾ ಬುಸ್ಸೆಂದು ಹಿಂದಕ್ಕೆ ಸರಿಯುವುದು.

"ಬಾ ಅಂದ್ನಲ್ಲೇ, ನಾನೇನು ನಿನ್ನ ತಿಂತೀನಾ?"

ಡಾರ್ಲಾ ಬೇಲಿಗೆ ಅಂಟಿಕೊಳ್ಳುವುದು.

"ಹಾಳಾಗ್ ಹೋಗು!"

ಅದಕ್ಕೆ ನಾಗಾಲೋಟ. ಧೂಳೆಲ್ಲ ನೆಲ್ಡಾಳ ಬಾಯಿಗೆ.

ಇದು ಸಾಲದೆಂಬಂತೆ ಪಕ್ಕದ ಜಮೀನಿನ ಬೆನ್ಯಾತ್ ದಿನಾ ಬಂದು ಬೇಲಿಗೆ ಮೊಣಕೈ ಊರುತ್ತಿದ್ದ. ಕುರಿ ಮೇಯಿಸಿ ಮುಪ್ಪಾದ ಬಾಸ್ಕ್ ಜನಾಂಗದ ಮುದುಕ. ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಚೊರಿಜೊ ಸಾಸೇಜು, ಬಾಯಲ್ಲಿ ಒಂದು ಉಪದೇಶ.

"ಕಂಬಕ್ಕೆ ಕಟ್ಟಿಬಿಡು ಮಗಳೇ. ಒಂದು ದಿನ ಎಳೆದಾಡಿ ಸುಸ್ತಾಗತ್ತೆ. ಆಮೇಲೆ ನೋಡು, ಹಸು."

"ಕಟ್ಟಬೇಕಾದ್ರೆ ಮುಟ್ಟಬೇಕಲ್ಲ ಬೆನ್ಯಾತಣ್ಣ? ಮುಟ್ಟಿಸ್ಕೊಳ್ಳೋ ಹಾಗಿದ್ರೆ ನಾನ್ಯಾಕೆ ಕಟ್ಟಲಿ?"

"ಅದೂ ಸರಿಯೇ," ಎಂದು ಮುದುಕ ಚೊರಿಜೊ ಅಗಿಯುವನು. ಮರುದಿನ ಬಂದು, "ಕಣ್ಣಿಗೆ ಬಟ್ಟೆ ಕಟ್ಟಿದ್ರೆ ಹೇಗೆ?" ಎನ್ನುವನು.

"ಯಾರ ಕಣ್ಣಿಗೆ? ನಿಮ್ಮ ಕಣ್ಣಿಗೆ ಕಟ್ಟಿದ್ರೆ ನಂಗೆ ಉಪಕಾರ ಆಗತ್ತೆ."

ಈ ನಡುವೆ ಡಾರ್ಲಾಳ ಗೊರಸು ಬೆಳೆಯತೊಡಗಿತು. ಕಾಡಿನಲ್ಲಿದ್ದರೆ ಕಲ್ಲುನೆಲದ ಮೇಲೆ ಓಡಿ ತಾನಾಗಿ ಸವೆಯುತ್ತಿತ್ತು. ಇಲ್ಲಿ ಮೆತ್ತನೆ ಮಣ್ಣು. ಗೊರಸು ಕತ್ತರಿಸುವವನನ್ನು ಕರೆದರೆ, "ಕಾಲು ಎತ್ತಿ ಕೊಡತ್ತಾ? ಇಲ್ಲ ಅಂದ್ರೆ ನಾನು ಬರಲ್ಲಮ್ಮ, ನನಗೂ ಹೆಂಡತಿ ಮಕ್ಕಳಿದ್ದಾರೆ," ಎಂದ. ನೆಲ್ಡಾ ಫೋನು ಕುಕ್ಕಿದಳು.

ಕೊನೆಗೂ ಒಂದು ಬೆಳಗ್ಗೆ ಡಾರ್ಲಾ ಕುತ್ತಿಗೆ ನೀಡಿತು. ಗಾಳಿ ನಿಂತಿತ್ತು. ನೆಲ್ಡಾಗೆ ನೆಗಡಿಯಾಗಿ ದನಿಯೇ ಹೊರಡುತ್ತಿರಲಿಲ್ಲ, ಅದೂ ಒಳ್ಳೆಯದಾಯಿತೇನೋ. ಕುದುರೆ ಒಂದೊಂದೇ ಹೆಜ್ಜೆ ಇಟ್ಟು ಬಂದು, ತುಟಿ ಮುಂದೆ ಮಾಡಿ, ಹುಲ್ಲಿನ ತುದಿ ಕಚ್ಚಿತು. ಅದರ ಬಿಸಿಯುಸಿರು ಅವಳ ಬೆರಳಿಗೆ ತಾಕಿತು. ಅದೇ ಸಮಯಕ್ಕೆ ಅಡುಗೆಮನೆಯ ಕಿಟಕಿ ದಡಾರೆಂದು ತೆರೆಯಿತು.

"ನೆಲ್ಡಾ! ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯಾ?"

ಡಾರ್ಲಾ ಗಿರಕಿ ಹೊಡೆದ ರಭಸಕ್ಕೆ ಅದರ ಭುಜ ನೆಲ್ಡಾಳ ಎದೆಗೆ ಬಡಿಯಿತು. ಅವಳು ಬಕೆಟ್ಟಿನ ಅಂಚಿನ ಮೇಲೆ ಬಿದ್ದಳು. ಪಕ್ಕೆಲುಬು ಬಿರುಕು ಬಿಟ್ಟಿತು.

"ಭಾರ ಎತ್ತಬೇಡಿ. ನಗಬೇಡಿ. ಜೋರಾಗಿ ಕೂಗೋದಂತೂ ಬೇಡವೇ ಬೇಡ," ಎಂದಳು ಆಸ್ಪತ್ರೆಯ ಡಾಕ್ಟರಮ್ಮ.

"ಏನಂದ್ರು?" ಎಂದು ವೆಂಡಲ್ ಕೇಳಿದ. ನೆಲ್ಡಾ ಉತ್ತರಿಸಲು ಉಸಿರೆಳೆದಳು, ಪಕ್ಕೆಯಲ್ಲಿ ಚಾಕು ಹಾಕಿದಂತಾಗಿ ಬಾಯಿ ಮುಚ್ಚಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ವೆಂಡಲ್ ಒಬ್ಬನೇ ಮಾತಾಡಿದ. "ಸಾಕು ಕಣೇ. ಫೋನ್ ಮಾಡಿ ವಾಪಸ್ ಕೊಟ್ಬಿಡೋಣ. ಮೊದಲ್ನೇ ವರ್ಷ ಅದು ಸರ್ಕಾರದ್ದೇ ತಾನೆ? ತಗೊಂಡು ಹೋಗ್ತಾರೆ."

ನೆಲ್ಡಾ ಪಕ್ಕೆ ಹಿಡಿದುಕೊಂಡು ಸಣ್ಣ ದನಿಯಲ್ಲಿ ಅಂದಳು: "ಕುದುರೇನಲ್ಲ, ನಿನ್ನ ವಾಪಸ್ ತಗೊಳ್ಳೋರಿದ್ರೆ ಹೇಳು."

"ಏನಂದೆ?"

"ಏನಿಲ್ಲ ಮಹಾರಾಯ."

"ಆಂ?"

ಅಂದಿನಿಂದ ಆ ಮನೆ ಮೂಕವಾಯಿತು. ನೆಲ್ಡಾಳ ತುಟಿ ಅಲ್ಲಾಡುತ್ತಿತ್ತು, ವೆಂಡಲ್‌ಗೆ ಒಂದಕ್ಷರವೂ ದಕ್ಕುತ್ತಿರಲಿಲ್ಲ. ತಟ್ಟೆಯ ಮೇಲೆ ಬಾಗಿ ಅವಳ ಮುಖವನ್ನೇ ನೋಡುವನು. "ಬೈತಾ ಇದ್ದೀಯಾ ನನ್ನ? ಬೈಯೋದಾದ್ರೆ ಕೇಳೋ ಹಾಗೆ ಬೈ! ಹೀಗೆ ಗೊಣಗಿದ್ರೆ ನಂಗೇನು ಗೊತ್ತಾಗ್ಬೇಕು?" ಇಷ್ಟು ವರ್ಷ ಹೆಂಡತಿಯ ಗಂಟಲಿಗೆ ಹೆದರಿ ಬದುಕಿದವನಿಗೆ ಅದಿಲ್ಲದೆ ನೆಲವೇ ಕುಸಿದಂತಾಗಿತ್ತು. ಹುಲ್ಲು ಹಾಕುವ ಕೆಲಸವೂ ಅವನ ತಲೆಗೇ ಬಂತು. ಬೇಲಿಯಾಚೆಯಿಂದ ಎಸೆಯುವನು, ಹುಲ್ಲು ಅರ್ಧ ಗಾಳಿಗೆ, ಅರ್ಧ ಅವನ ಟೋಪಿಗೆ. ಡಾರ್ಲಾ ದೂರದಿಂದಲೇ ಈ ಪ್ರಾಣಿ ಯಾವುದೆಂದು ನೋಡುತ್ತಿತ್ತು.

ನೆಲ್ಡಾ ಮಾತ್ರ ದೊಡ್ಡಿಯನ್ನು ಬಿಡಲಿಲ್ಲ. ಬಾಗಿಲ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿಸಿಕೊಂಡು, ಪಕ್ಕೆಗೆ ದಿಂಬು ಒತ್ತಿಕೊಂಡು ಕೂರುವಳು. ಕುದುರೆಯ ಮೇಲಿನ ಆಸೆಯಿಂದ ಅಂತಲೂ ಅಲ್ಲ. ಆ ಕಿವುಡನ ಎದುರು ಕೂತು ಸಾಕಾಗಿತ್ತು. ಪಳಗಿಸುವ ಯೋಚನೆ ಬಿಟ್ಟು, ಡಾರ್ಲಾಳ ಕಡೆ ನೋಡದೆ, ತನ್ನಷ್ಟಕ್ಕೆ ಗೊಣಗತೊಡಗಿದಳು. ಬಿರುಕು ಬಿಟ್ಟ ಪಕ್ಕೆಲುಬು ಕೊಟ್ಟಷ್ಟೇ ದನಿ.

"ಸಕ್ಕರೆ ಡಬ್ಬಿಯಂತೆ. ಮದುವೆ ಆದಾಗಿಂದ ಅದೇ ಕಪಾಟಿನಲ್ಲಿದೆ... ಆ ಬೆನ್ಯಾತ್ ಮುದುಕನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ... ನೀನೂ ಅಷ್ಟೇ. ರಾಜಕುಮಾರಿ. ಒಂದು ಹಗ್ಗ ಬಿಚ್ಚಿಸ್ಕೊಳ್ಳೋಕೆ ಇಷ್ಟು ಬಿಂಕ."

ಡಾರ್ಲಾಳ ಒಂದು ಕಿವಿ ಅವಳತ್ತ ತಿರುಗಿತು. ಬೈಗುಳ ಅದಕ್ಕೆ ಅರ್ಥವಾಗಬೇಕಿರಲಿಲ್ಲ. ಹರಿಯುವ ನೀರಿನಂತೆ ಒಂದೇ ಸಮನಾದ ಆ ಸಣ್ಣ ದನಿ ಹಿತವೆನಿಸಿರಬೇಕು. ದಿನದಿಂದ ದಿನಕ್ಕೆ ನಿಲ್ಲುವ ಜಾಗ ಹತ್ತಿರವಾಯಿತು. ನೆಲ್ಡಾ ಗಮನಿಸಿದರೂ ಗಮನಿಸದವಳಂತೆ ಬೈಯುತ್ತಲೇ ಇದ್ದಳು. ಬೈಗುಳಗಳು ಮುಗಿದ ಮೇಲೆ ಬೇರೆ ಮಾತುಗಳು ಹೊರಬಂದವು. ಇಂಥವು ಒಳಗಿದ್ದವೆಂದು ಅವಳಿಗೇ ತಿಳಿದಿರಲಿಲ್ಲ.

ಇತ್ತ ವೆಂಡಲ್ ತಡೆಯಲಾರದೆ ಹೋದ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಹೆಂಡತಿ ಕುದುರೆಯ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದಾಳೆ! ತನ್ನ ವಿಷಯವೇ ಇರಬೇಕು. ಒಂದು ಮಧ್ಯಾಹ್ನ ಕಾಲುಚೀಲದ ಡ್ರಾಯರ್ ತೆಗೆದು, ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ, ಕಿವಿಗೆ ತುರುಕಿಕೊಂಡು, ಹುಲ್ಲಿನ ಕಟ್ಟುಗಳ ಹಿಂದೆ ಹೋಗಿ ನಿಂತ.

ಮೊದಲು ಸಕ್ಕರೆ ಡಬ್ಬಿಯ ದೂರು ಕೇಳಿಸಿತು. ಅವನು ಗಣಿಯ ಬೂಟು ಕಾಲಲ್ಲೇ ಸೋಫಾ ಮೇಲೆ ಮಲಗುತ್ತಿದ್ದ ದೂರು ಕೇಳಿಸಿತು. ಅವನು ಎದುರು ವಾದ ಹೂಡಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ನೆಲ್ಡಾ ಅಂದಳು:

"ಅಮ್ಮ ಹೋದ ದಿನ ಇವನು ಗಣಿಯಿಂದ ಬಂದು 'ಏನಾಯ್ತೇ' ಅಂದ. ಅಮ್ಮ ಹೋದ್ಲು ಅಂದೆ. ಕೇಳಿಸ್ಲಿಲ್ಲ. ಇನ್ನೊಂದ್ಸಲ ಅಂದೆ. 'ಆಂ?' ಅಂದ. ಕೊನೆಗೆ ಅಮ್ಮ ಸತ್ಲು ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆ ಕಣೇ ಡಾರ್ಲಾ. ಹಾಗೆ ಕಿರುಚಿದ್ಮೇಲೆ ಅಳೋಕೇ ಬರ್ಲಿಲ್ಲ. ಸ್ವಲ್ಪ ಕೈ ಹಿಡ್ಕೋ ಅಂತ ಹೇಳ್ಬೇಕಿತ್ತು. ಅಂಥದ್ದನ್ನೆಲ್ಲ ಕೂಗಿ ಹೇಳಕ್ಕಾಗತ್ತಾ?"

ವೆಂಡಲ್ ಯಂತ್ರವನ್ನು ಬೆರಳಿನಿಂದ ಕಿವಿಯೊಳಕ್ಕೆ ಇನ್ನಷ್ಟು ಒತ್ತಿಕೊಂಡ. ಹುಲ್ಲಿನ ಕಟ್ಟುಗಳ ಸಂದಿಯಿಂದ ನೋಡಿದ. ಡಾರ್ಲಾ ಬಂದು ನೆಲ್ಡಾಳ ಭುಜದ ಹಿಂದೆಯೇ ನಿಂತಿತ್ತು, ಮೂಗು ಅವಳ ಅಂಗಿಯ ಕಾಲರಿಗೆ ತಾಗುವಷ್ಟು ಹತ್ತಿರ. ನೆಲ್ಡಾ ತಿರುಗಲಿಲ್ಲ. ಕೈಯನ್ನಷ್ಟೇ ಮೆಲ್ಲಗೆ ಎತ್ತಿ ಅದರ ಕೆನ್ನೆಗೆ ಇಟ್ಟಳು. ಕುದುರೆಯ ಮೈ ಒಮ್ಮೆ ಅದುರಿ ಸುಮ್ಮನಾಯಿತು.

ಆಗ ಯಂತ್ರ ಕುಯ್ಯೋ ಎಂದಿತು.

ಡಾರ್ಲಾ ಕುಪ್ಪಳಿಸಿ ಆಚೆ ತುದಿ ಸೇರಿತು. ನೆಲ್ಡಾ ತಿರುಗಿ ನೋಡಿದಳು. ಹುಲ್ಲುಕಡ್ಡಿ ಮೆತ್ತಿಕೊಂಡ ಗಂಡ ಕಿವಿ ಹಿಡಿದುಕೊಂಡು ನಿಂತಿದ್ದ.

"ನಾನಲ್ಲ ಕಣೇ," ಎಂದ. "ಯಂತ್ರ."

ಅವಳಿಗೆ ಕೂಗಿ ಆಕಾಶ ಭೂಮಿ ಒಂದು ಮಾಡಬೇಕೆನಿಸಿತು. ಪಕ್ಕೆ ಬಿಡಲಿಲ್ಲ. "ನಿನ್ನ ಕಟ್ಕೊಂಡು ನಾನು..." ಎಂದು ಹಲ್ಲು ಕಚ್ಚಿದಳು. ಅವನಿಗೆ ಅದೂ ಕೇಳಿಸಿತು. ಅವನು ಒಳಗೆ ಬಂದು, ಹತ್ತಿರ ಮಂಡಿಯೂರಿ, ಗಣಿಯಲ್ಲಿ ಒರಟಾದ ಕೈಯಲ್ಲಿ ಅವಳ ಕೈ ಹಿಡಿದುಕೊಂಡ. ಏನಾದರೂ ಹೇಳಬೇಕೆಂದು ತಡವರಿಸಿದ. ಕೊನೆಗೆ ಬಂದದ್ದು ಇಷ್ಟೇ: "ನಿಮ್ಮಮ್ಮ ಒಳ್ಳೆಯವಳು." ನೆಲ್ಡಾ ಅಳತೊಡಗಿದಳು. ಅತ್ತರೆ ಪಕ್ಕೆ ನೋಯುತ್ತಿತ್ತು. ನೋವಿಗೂ ಅವನನ್ನೇ ಬೈದಳು.

ಆಮೇಲೆ ಎಲ್ಲ ಹೂವೆತ್ತಿದಷ್ಟು ಹಗುರವಾಯಿತೆಂದೇನಲ್ಲ. ಕೆನ್ನೆ ಮುಟ್ಟಿಸಿಕೊಂಡ ಡಾರ್ಲಾ ಕುತ್ತಿಗೆ ಮುಟ್ಟಿಸಿಕೊಳ್ಳಲು ಬೇಸಿಗೆ ಪೂರ್ತಿ ಸತಾಯಿಸಿತು. ಎಡಮಗ್ಗುಲಿಗೆ ಒಪ್ಪಿದರೆ ಬಲಮಗ್ಗುಲಿಗೆ ಒಪ್ಪದು; ನಿನ್ನೆಯ ಟೋಪಿ ಸರಿ, ಇವತ್ತಿನದು ರಾಕ್ಷಸ. ಪಕ್ಕೆಲುಬು ಕೂಡಿಕೊಂಡ ಮೇಲೆ ನೆಲ್ಡಾಳ ಹಳೆಯ ದನಿ ಮರಳಿತು, ಜೊತೆಗೆ ಹಳೆಯ ಚಟವೂ. ಎರಡು ಸಲ ಬಾಯಿ ಜಾರಿ ವಾರಗಳ ಕೆಲಸ ಮಣ್ಣುಪಾಲಾಯಿತು. ಆಗ ಬೇಲಿಯಾಚೆಯಿಂದ ವೆಂಡಲ್, "ಮೆಲ್ಲಗೆ ಕಣೇ, ನಂಗೂ ಕೇಳ್ಸತ್ತೆ," ಎನ್ನುವನು. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಉರಿಯುತ್ತಿತ್ತು.

ಹುಲ್ಲು ಒಣಗುವ ಕಾಲಕ್ಕೆ ಕುತ್ತಿಗೆಯ ಹಗ್ಗ ಬಿಚ್ಚಿದಳು. ಗೊರಸಿನವನು ಬಂದ, ಮೂರು ಕಾಲು ಮುಗಿಸಿದ, ನಾಲ್ಕನೆಯದಕ್ಕೆ ಡಾರ್ಲಾ ಅವನ ಪೆಟ್ಟಿಗೆಯನ್ನು ಒದ್ದು ಬೇಲಿಯಾಚೆ ಕಳಿಸಿತು. ಬೆನ್ಯಾತ್ ಅದನ್ನು ಎತ್ತಿ ತಂದುಕೊಟ್ಟು, "ನಾನು ಮೊದಲೇ ಹೇಳಿದ್ದೆ, ಕಂಬಕ್ಕೆ ಕಟ್ಟು ಅಂತ," ಎಂದ. ನಾಲ್ಕನೆಯ ಕಾಲಿಗೆ ಗೊರಸಿನವನು ಇನ್ನೊಮ್ಮೆ ಬರಬೇಕಾಯಿತು.

ಮರುವರ್ಷ ಡಾರ್ಲಾ ಕಾನೂನಿನ ಪ್ರಕಾರ ನೆಲ್ಡಾಳದೇ ಆಯಿತು. ಬೆನ್ನ ಮೇಲೆ ಕೂರಿಸಿಕೊಳ್ಳುವುದನ್ನೂ ಕಲಿಯಿತು. ಆದರೆ ಕಾಲುವೆಯ ದಾರಿಯಲ್ಲಿ ಸಾಲಾಗಿ ನಿಂತ ಅಂಚೆಪೆಟ್ಟಿಗೆಗಳ ಹತ್ತಿರ ಬಂದರೆ ನಾಲ್ಕೂ ಕಾಲು ನೆಟ್ಟು ನಿಂತುಬಿಡುತ್ತಿತ್ತು. ನೆಲ್ಡಾ ಮುದ್ದಿಸಿದಳು, ಬೇಡಿಕೊಂಡಳು, ಹಲ್ಲು ಕಡಿದಳೇ ಹೊರತು ಕೂಗಲಿಲ್ಲ. ಯಾರಾದರೂ ಮುಂದೆ ನಡೆದು ಆ ಪೆಟ್ಟಿಗೆಗಳು ಕಚ್ಚುವುದಿಲ್ಲವೆಂದು ತೋರಿಸಿದರೆ ಮಾತ್ರ ಅದು ಹೆಜ್ಜೆ ಕೀಳುತ್ತಿತ್ತು. ಹೀಗಾಗಿ ಸಂಜೆಯ ಸವಾರಿ ಎಂದರೆ ಮುಂದೆ ಸೊಂಟ ನೋವಿನ ವೆಂಡಲ್ ಕುಂಟುತ್ತ ನಡೆಯುವುದು, ಹಿಂದೆ ಡಾರ್ಲಾ, ಅದರ ಮೇಲೆ ನೆಲ್ಡಾ.

"ಕುದುರೆ ಇರೋದು ನಿಂಗೆ, ನಡೆಯೋದು ನಾನು," ಎಂದು ಅವನು ತಿರುಗದೆಯೇ ಹೇಳಿದ.

"ನಡಿ ಸುಮ್ನೆ," ಎಂದಳು ನೆಲ್ಡಾ, ಅವನಿಗಷ್ಟೇ ಕೇಳುವಂತೆ.